ಬಿಳುಪಿನ ಬುಡಕ

ಮುಗಿಲಿನಿಂದ ಬೀಳುವ ಬಿಳುಪಿಗೆ ನಮ್ಮ ಉಮರ್ಗಾ ಸೀಮೆಯ ಕನ್ನಡ ಮನೆಗಳಲ್ಲಿ ಇರುವುದು ಒಂದೇ ಹೆಸರು, ಆಣೆಕಲ್ಲು. ಮರಾಠಿ ಶಾಲೆಯಲ್ಲಿ ಅದನ್ನೇ ಗಾರಾ ಎಂದು ಕಲಿತೆ. 2014ರ ಫೆಬ್ರುವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ ಮರಾಠವಾಡದ ಮೇಲೆ ಅದು ಮತ್ತೆ ಮತ್ತೆ ಸುರಿಯಿತು. ತೆನೆ ತುಂಬಿದ ಬಿಳಿಜೋಳ, ಕೊಯ್ಲಿಗೆ ಬಂದ ಕಡಲೆ ನೆಲಕಚ್ಚಿದವು. ಮಳೆ ಹೊಳವಾದ ಮೇಲೆ ಹೋಗಿ ನೋಡಿದರೆ ಎರೆಮಣ್ಣು ಕಾಣದಷ್ಟು ಬೆಳ್ಳಗಿತ್ತು ಹೊಲ. ಅವ್ವ ಮುರಿದ ತೆನೆಯೊಂದನ್ನು ಎತ್ತಿ, ಸೆರಗಿನಿಂದ ಒರೆಸಿ, ಮತ್ತೆ ಅಲ್ಲೇ ಇಟ್ಟಳು. ಆ ಗಳಿಗೆಯಲ್ಲಿ ಹೊಲ ಎಷ್ಟು ಚೆಂದ ಕಂಡಿತ್ತೆಂದು ಇವತ್ತಿಗೂ ನಾನು ಆಕೆಗೆ ಹೇಳಿಲ್ಲ.

ಮೊನ್ನೆ ಜುಲೈಯಲ್ಲಿ ಸ್ವಿಟ್ಜರ್ಲೆಂಡಿನ ಜೆರ್ಮಾಟ್‌ನಿಂದ ಕೇಬಲ್ ಕಾರಿನಲ್ಲಿ ಏರಿ, 3,883 ಮೀಟರ್ ಎತ್ತರದ ನಿಲ್ದಾಣದಲ್ಲಿ ಇಳಿದೆ. ಹತ್ತು ಹೆಜ್ಜೆಗೇ ಏದುಸಿರು. ಅಲ್ಲಿ ದಕ್ಕುವ ಆಮ್ಲಜನಕ ಸಮುದ್ರ ಮಟ್ಟದಲ್ಲಿರುವುದರ ಮೂರರಲ್ಲಿ ಎರಡು ಪಾಲಿನಷ್ಟು. ಕೆಳಗೆ ಥಿಯೊಡುಲ್ ಹಿಮನದಿ, ನಡುಬೇಸಿಗೆಯಲ್ಲೂ ಸ್ಕೀ ಆಡುವ ಜಾಗ. ಕೆಂಪಂಗಿಯ ಹುಡುಗಿಯೊಬ್ಬಳು ಮೊಣಕಾಲು ಮಣಿಸಿ ಜಾರಿಹೋದಳು. ಹಿಂದೆ ಕೂರಿಗೆಯ ಸಾಲಿನಂತೆ ಜೋಡಿ ಗೆರೆ ಉಳಿಯಿತು. ಸದ್ದೇ ಇರಲಿಲ್ಲ. ಬಿಳುಪೆಂದರೆ ಪತ್ರಾಸಿನ ಮೇಲೆ ಕಲ್ಲು ಬಡಿಯುವ ಸದ್ದೆಂದೇ ತಿಳಿದಿದ್ದ ನನ್ನ ಕಿವಿ ಕಾಯುತ್ತಲೇ ಇತ್ತು.

ಸುತ್ತಲಿನ ಆ ಬೆಟ್ಟಗಳದ್ದೂ ಒಂದು ಕಾಲಕ್ಕೆ ಕಡಲಿನ ಬಾಳು. ಆಫ್ರಿಕದ ನೆಲ ಯುರೋಪಿನತ್ತ ಒತ್ತರಿಸಿ ಬಂದು, ನಡುವಿದ್ದ ಟೆಥಿಸ್ ಸಾಗರದ ತಳವನ್ನು ಮಡಿಸಿ ಮುಗಿಲಿಗೆತ್ತಿತು. ಎದುರಿಗಿದ್ದ 4,478 ಮೀಟರಿನ ಮ್ಯಾಟರ್‌ಹಾರ್ನ್‌ನ ನೆತ್ತಿಯ ಬಂಡೆ ಆಫ್ರಿಕದ ಕಡೆಯದು. ನಮ್ಮ ನಿಲಂಗಾ, ಉದಗೀರ್ ಕಡೆಯ ಕರಿನೆಲವೋ, ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಸೀಳಿ ಹರಿದ ಬೆಂಕಿ. ಬೆಂಕಿ ತಣಿದ ಮಣ್ಣಿನ ಜೋಳ ತಿಂದು ಬೆಳೆದವನು ನಾನು, ಕಡಲ ತಳ ಎದ್ದು ನಿಂತ ಜಾಗದಲ್ಲಿ ಬೊಗಸೆ ತುಂಬ ಹಿಮ ಹಿಡಿದಿದ್ದೆ. ಬೆರಳು ಮರಗಟ್ಟಿದರೂ ಚೆಲ್ಲಲು ಮನಸ್ಸಾಗಲಿಲ್ಲ.

ಅವ್ವನಿಗೆ ವಿಡಿಯೊ ಕರೆ ಮಾಡಿದೆ. ಸೋಯಾದ ಕಳೆ ಕಿತ್ತು, ಬದುವಿನ ಬೇವಿನ ನೆರಳಿಗೆ ಕೂತಿದ್ದಳು. ಫೋನನ್ನು ಸುತ್ತಲೂ ತಿರುಗಿಸಿ ತೋರಿಸಿದೆ. ಆಕೆ ಬಹಳ ಹೊತ್ತು ಮಾತಾಡಲಿಲ್ಲ.

“ಎಷ್ಟ್ ಬಿದ್ದಾದೋ ಯಪ್ಪಾ! ಬುಡಕ ಯಾರ್ ಹೊಲ ಅದ?”

“ಯಾರ ಹೊಲಾನೂ ಇಲ್ಲ ಯವ್ವಾ. ಬರೇ ಬರ್ಫ್ ಅದ, ಅದರ ಬುಡಕ ಕಲ್ಲು.”

“ಖರೇನಾ?”

“ಖರೇ.”

ಆಕೆಯ ಹುಬ್ಬು ಸಡಿಲಾಯಿತು. ಸೆರಗಿನಿಂದ ಫೋನಿನ ಗಾಜು ಒರೆಸಿಕೊಂಡಳು.

“ಹಂಗಾದ್ರ ಇನ್ನೊಮ್ಮಿ ತೋರ್ಸು.”