ಒಂದರೊಳಗೆ ಎಷ್ಟು ಜಾಗ?

ದೇವರು ಒಬ್ಬನೇ ಎಂಬ ಮಾತು ಕೇಳದ ಮನೆ ನಮ್ಮ ಸೀಮೆಯಲ್ಲಿಲ್ಲ. ಆ ಒಬ್ಬನ ಬಾಗಿಲಿಗೆ ಯಾರು ಬರಬಹುದು, ಯಾರು ಹೊರಗೆ ನಿಲ್ಲಬೇಕು ಎಂಬ ತಕರಾರು ಮಾತ್ರ ಇನ್ನೂ ಮುಗಿದಿಲ್ಲ. ನಾನು ಬಾಗಲಕೋಟೆ ಕಡೆಯ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ಈ ತಕರಾರು ನನ್ನನ್ನು ಹೊಸದಾಗಿ ಹಿಡಿದದ್ದು ನಾಶಿಕದಲ್ಲಿ, ಮಗಳ ಮನೆಯಲ್ಲಿ, ಮೊಮ್ಮಗನ ಪಾಠದ ನೆಪದಲ್ಲಿ. ಗ್ರೀಕಿನ ‘ಮೊನೊ’ದಿಂದ ಹುಟ್ಟಿದ ಪದಗಳ ಪಟ್ಟಿ ಅವನ ಮುಂದಿತ್ತು. ಮೊನೊಲಿತ್ ಎಂದರೆ ಏಕಶಿಲೆ, ಮಾಂಕ್ ಎಂದರೆ ಒಂಟಿಯಾಗಿ ಬಾಳುವ ಸನ್ಯಾಸಿ, ಮೊನೊಥೀಯಿಸಂ ಎಂದರೆ ಏಕದೇವವಾದ, ಮೊನಾಪಲಿ ಎಂದರೆ ಒಬ್ಬನೇ ಮಾರುವ ಹಕ್ಕು. “ಅಜ್ಜಾ, ಎಲ್ಲಾದ್ರಾಗೂ ಒಂದೇ ಅಂತ ಐತಿ. ಮತ್ತ ಕೆಲವು ಛಲೋ, ಕೆಲವು ಕೆಟ್ಟ ಹೆಂಗ?” ಎಂದ. ನಿಘಂಟಿನಲ್ಲಿ ಇದಕ್ಕೆ ಉತ್ತರವಿಲ್ಲ. ಈ ಸೀಮೆಯ ಕಲ್ಲುಗಳಲ್ಲಿ ಇದೆ ಎಂದು ನನಗನ್ನಿಸುತ್ತದೆ.

ಛತ್ರಪತಿ ಸಂಭಾಜಿನಗರದಿಂದ ಸುಮಾರು 30 ಕಿಲೋಮೀಟರ್ ದೂರದ ವೇರೂಳದಲ್ಲಿ, ಅಂದರೆ ಎಲ್ಲೋರದಲ್ಲಿ, 16ನೆಯ ಗುಹೆ ಕೈಲಾಸ ದೇವಾಲಯ. ಎಂಟನೆಯ ಶತಮಾನದಲ್ಲಿ ಆಳಿದ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಹೆಸರು ಅದಕ್ಕೆ ಅಂಟಿಕೊಂಡಿದೆ. ನಾನು ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಬಾಲ್ಯದಿಂದ ನೋಡಿದವನು. ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ ಆ ಗುಡಿಯ ವಿನ್ಯಾಸಕ್ಕೂ ಕೈಲಾಸಕ್ಕೂ ಇರುವ ಹೋಲಿಕೆಯನ್ನು ಕಲಾ ಇತಿಹಾಸಕಾರರು ಹೇಳುತ್ತಲೇ ಬಂದಿದ್ದಾರೆ. ನಂದಿಮಂಟಪ, ಸಭಾಮಂಟಪ, ದ್ರಾವಿಡ ಶಿಖರ ಎಲ್ಲ ನಮ್ಮ ಕಣ್ಣಿಗೆ ಪರಿಚಿತವೇ. ವ್ಯತ್ಯಾಸ ಇರುವುದು ಕೆಲಸದ ದಾರಿಯಲ್ಲಿ. ಪಟ್ಟದಕಲ್ಲಿನಲ್ಲಿ ನೆಲದಿಂದ ಮೇಲಕ್ಕೆ ಕಲ್ಲಿನ ಮೇಲೆ ಕಲ್ಲಿಟ್ಟರು. ವೇರೂಳದಲ್ಲಿ ಗುಡ್ಡದ ನೆತ್ತಿಯಿಂದ ಕೆಳಕ್ಕೆ ಇಳಿದರು. ಮೊದಲು ಶಿಖರ, ಆಮೇಲೆ ಕಂಬ, ಕಡೆಗೆ ಆನೆಗಳ ಸಾಲು. ಕಟ್ಟುವವನು ಬಿರುಕುಬಿಟ್ಟ ಕಲ್ಲನ್ನು ಬದಲಿಸಬಹುದು. ಕೆತ್ತುವವನಿಗೆ ಆ ಅವಕಾಶ ಕಡಿಮೆ.

812ರ ಸುಮಾರಿನ ಬರೋಡಾ ತಾಮ್ರಶಾಸನದಲ್ಲಿ ಏಲಾಪುರದ, ಅಂದರೆ ಎಲ್ಲೋರದ, ಈ ಗುಡಿಯ ವರ್ಣನೆಯಿದೆ. ವಿಮಾನದಲ್ಲಿ ಹೋಗುತ್ತಿದ್ದ ದೇವತೆಗಳು ಇದು ಮನುಷ್ಯರ ಕೆಲಸವಲ್ಲ, ಸ್ವಯಂಭುವೇ ಇರಬೇಕು ಎಂದುಕೊಂಡರಂತೆ. ಶಿಲ್ಪಿಗೇ ತಾನು ಇದನ್ನು ಹೇಗೆ ಮಾಡಿದೆನೆಂದು ಬೆರಗಾಯಿತಂತೆ.

ನನ್ನ ಬೆರಗು ಬೇರೆಯದು. ಕೈಲಾಸದ ಅಂಗಳ ಸುಮಾರು 276 ಅಡಿ ಉದ್ದ, 154 ಅಡಿ ಅಗಲ. ಅಲ್ಲಿಂದ ಕಡಿದು ತೆಗೆದ ಕಲ್ಲು 2 ಲಕ್ಷ ಟನ್ನಿನಷ್ಟಿರಬಹುದೆಂಬ ಅಂದಾಜಿದೆ. ಕಡಿಯುವ ಮೊದಲೂ ಆ ಗುಡ್ಡ ಒಂದೇ ಆಗಿತ್ತು. ಆದರೆ ಅದರೊಳಗೆ ಯಾರೂ ಹೋಗುವಂತಿರಲಿಲ್ಲ, ಯಾರೂ ಪ್ರದಕ್ಷಿಣೆ ಹಾಕುವಂತಿರಲಿಲ್ಲ. ಬಂಡೆ ತನ್ನ ಬಹುಪಾಲನ್ನು ಬಿಟ್ಟುಕೊಟ್ಟ ಮೇಲೆ ಅದು ಗುಡಿಯಾಯಿತು. ಬಿಟ್ಟುಕೊಟ್ಟ ಮೇಲೂ ಏಕಶಿಲೆಯಾಗಿಯೇ ಉಳಿಯಿತು. ಅದೇ ಗುಡ್ಡದ ಸಾಲಿನಲ್ಲಿ 1ರಿಂದ 12ರವರೆಗೆ ಬೌದ್ಧ ಗುಹೆಗಳು, 30ರಿಂದ 34ರವರೆಗೆ ಜೈನ ಗುಹೆಗಳು.

ನಾಶಿಕದ ಪಾಂಡವಲೇಣಿಗೆ ಬಂದರೆ ಮಾಂಕ್ ಎಂಬ ಪದದ ಒಂಟಿತನವೂ ಬೇರೆಯಾಗಿ ಕಾಣುತ್ತದೆ. ತ್ರಿರಶ್ಮಿ ಗುಡ್ಡದ ಈ ವಿಹಾರಗಳಲ್ಲಿ ಸಾತವಾಹನರ ಗೌತಮಿ ಬಲಶ್ರೀಯ ಶಾಸನವಿದೆ, ಕ್ಷತ್ರಪ ನಹಪಾನನ ಅಳಿಯ ಉಷವದಾತನ ಶಾಸನವಿದೆ. ಉಷವದಾತ ಭಿಕ್ಷುಗಳಿಗೆ ಗುಹೆ ಕೊರೆಸಿಕೊಟ್ಟ, ಬ್ರಾಹ್ಮಣರಿಗೆ ಗೋವುಗಳನ್ನೂ ದಾನ ಮಾಡಿದ. ವಿಹಾರದ ಒಳಗೆ ಮೂರು ಗೋಡೆಗಳ ಉದ್ದಕ್ಕೂ ಸಣ್ಣ ಸಣ್ಣ ಕೋಣೆಗಳು. ಅವುಗಳ ಬಾಗಿಲು ತೆರೆಯುವುದು ನಡುವಿನ ಒಂದೇ ಪಡಸಾಲೆಗೆ. ಧ್ಯಾನಕ್ಕೆ ಕೂತವನು ಒಂಟಿ. ಎದ್ದು ಹೊರಬಂದರೆ ಸಂಘ, ಗುಡ್ಡ ಇಳಿದರೆ ಭಿಕ್ಷೆ ಹಾಕುವ ಊರು.

ಹೀಗೆ ಜಾಗ ಕೊಡುವ ಒಂದು ಇದ್ದಂತೆ, ಜಾಗ ಕಸಿಯುವ ಒಂದೂ ಇದೆ. ಅದರ ಉದಾಹರಣೆ ಅದೇ ನಾಶಿಕದ ಪಂಚವಟಿಯಲ್ಲಿದೆ. 1930ರ ಮಾರ್ಚ್ 2ರಂದು ಡಾ. ಅಂಬೇಡ್ಕರ್ ಅವರ ನೇತೃತ್ವದಲ್ಲಿ ಸಾವಿರಾರು ದಲಿತರು ಕಾಳಾರಾಮ ಮಂದಿರದ ಪ್ರವೇಶಕ್ಕಾಗಿ ಸತ್ಯಾಗ್ರಹ ಹೂಡಿದರು. ಬಾಗಿಲು ಮುಚ್ಚಿತು. ವರ್ಷಗಟ್ಟಲೆ ಹೋರಾಡಿದರೂ ಅದು ಅವರಿಗೆ ತೆರೆಯಲಿಲ್ಲ. ಒಳಗಿದ್ದವರು ದೇವರು ಹಲವರು ಎಂದು ವಾದಿಸಿದವರಲ್ಲ. ಒಬ್ಬನೇ ರಾಮ ಎಲ್ಲರೊಳಗೂ ಇದ್ದಾನೆ ಎಂದು ಕೇಳುತ್ತಲೇ ಬೆಳೆದವರು. ಒಬ್ಬನೇ ಎಂದು ನಂಬಿದ ಮಾತ್ರಕ್ಕೆ ಬಾಗಿಲು ತೆರೆಯಲಿಲ್ಲ; ಆ ಒಬ್ಬನು ನಮ್ಮವನೇ ಎಂಬ ಹಕ್ಕುದಾರಿಕೆ ಅಡ್ಡ ನಿಂತಿತ್ತು. 1935ರ ಅಕ್ಟೋಬರ್ 13ರಂದು ಇದೇ ಜಿಲ್ಲೆಯ ಯೇವಲೆಯಲ್ಲಿ ಅಂಬೇಡ್ಕರ್, ತಾನು ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದರು. 1956ರಲ್ಲಿ ಅವರು ಸೇರಿಕೊಂಡದ್ದು ತ್ರಿರಶ್ಮಿ ಗುಡ್ಡದ ಭಿಕ್ಷುಗಳ ಧರ್ಮವನ್ನು. ಸೃಷ್ಟಿಕರ್ತ ಒಬ್ಬನೋ ಹಲವರೋ ಎಂಬ ಚರ್ಚೆಗೆ ಅಲ್ಲಿ ಪೀಠವೇ ಇಲ್ಲ.

ಒಂದು ಎಂಬುದೂ ಜಾಗ ಕಸಿಯಬಹುದು ಎಂಬ ಮಾತನ್ನು ಅದ್ವೈತಿಗಳು ಒಪ್ಪಲಾರರು. ಎರಡು ಎಂಬುದೇ ಇಲ್ಲದಿರುವಾಗ ಒಳಗೆ ಯಾರು, ಹೊರಗೆ ಯಾರು ಎಂದು ಕೇಳಿಯಾರು. ತತ್ತ್ವವಾಗಿ ಅದು ಸರಿಯೇ. ಆದರೆ ಆ ಪರಂಪರೆಯೇ ತನ್ನನ್ನು ಪರೀಕ್ಷಿಸಿಕೊಂಡ ಕತೆಯೊಂದಿದೆ. ಕಾಶಿಯ ಓಣಿಯಲ್ಲಿ ಶಂಕರರು ಚಂಡಾಲನೊಬ್ಬನಿಗೆ ದಾರಿ ಬಿಡು ಎನ್ನುತ್ತಾರೆ. ಸರಿಯಬೇಕಾದದ್ದು ದೇಹವೋ ಆತ್ಮವೋ ಎಂದು ಅವನು ಕೇಳುತ್ತಾನೆ. ಶಂಕರರು ಅವನನ್ನು ಗುರುವೆಂದು ಒಪ್ಪುತ್ತಾರೆ. ಕತೆ ನಡೆದದ್ದೋ ಕಟ್ಟಿದ್ದೋ, ಅದು ಬ್ರಹ್ಮವಿಚಾರವನ್ನು ಕಾಲುದಾರಿಗೆ ಎಳೆದು ತಂದು ನಿಲ್ಲಿಸುತ್ತದೆ.

ಮಹಾರಾಷ್ಟ್ರದಲ್ಲಿ 1970ರ ದಶಕದಲ್ಲಿ ಬಾಬಾ ಆಢಾವ್ ‘ಏಕ್ ಗಾಂವ್ ಏಕ್ ಪಾಣವಠಾ’ ಎಂಬ ಚಳವಳಿ ನಡೆಸಿದರು. ಊರಿಗೆಲ್ಲ ಒಂದೇ ನೀರಿನ ತಾಣ ಎಂಬುದು ಅದರ ಬೇಡಿಕೆ. ನನಗೆ ಅರ್ಥವಾಗುವ ಏಕತತ್ತ್ವ ಅದು. ಭಾಷ್ಯಗಳನ್ನು ಓದುವಷ್ಟು ಸಂಸ್ಕೃತ ನನಗೆ ಬಾರದು. ಎಲ್ಲವೂ ಒಂದೇ ಎಂದು ಯಾರಾದರೂ ಪ್ರವಚನ ಮಾಡಿದರೆ, ಆ ಊರಿನ ಗುಡಿ, ಬಾವಿ, ಸ್ಮಶಾನಗಳ ಕಡೆ ಒಂದು ಸುತ್ತು ಹಾಕುತ್ತೇನೆ. ಜಾತಿಗೊಂದು ಸ್ಮಶಾನ ಇರುವ ಊರಾದರೆ, ಪ್ರವಚನಕಾರರು ಎಷ್ಟೇ ಚೆನ್ನಾಗಿ ಮಾತಾಡಲಿ, ನನಗೆ ನಡುವೆಯೇ ಎದ್ದು ಬರಬೇಕೆನಿಸುತ್ತದೆ.