ಜೋಗದ ಹುಲ್ಲಿನ ಋಣ

ನನ್ನಪ್ಪ ಭದ್ರಾವತಿಯ ಕಬ್ಬಿಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನಾನು ಓದಿದ್ದು ಕ್ವಾರ್ಟರ್ಸಿನ ಬಲ್ಬಿನ ಬೆಳಕಲ್ಲಿ. ಆ ಕರೆಂಟು ಶರಾವತಿಯದು. ಈಗ ಶಿವಮೊಗ್ಗದ ಮನೆಯಲ್ಲಿ ಫ್ಯಾನಿನಡಿ ಕೂತು ಒಂದು ಹುಲ್ಲಿನ ಬಗ್ಗೆ ಯೋಚಿಸ್ತಿದ್ದೀನಿ.

ಹಬಾರ್ಡಿಯಾ ಹೆಪ್ಟಾನ್ಯೂರಾನ್ ಅಂತ ಅದರ ಹೆಸರು. 1919ರಲ್ಲಿ ಸೆಜ್‌ವಿಕ್ ಮತ್ತು ಬೆಲ್ ಅದನ್ನು ಜೋಗದಲ್ಲಿ ಸಂಗ್ರಹಿಸಿದ್ದರು. ಜಲಪಾತದ ತುಂತುರು ಬೀಳುವ ಒದ್ದೆ ಬಂಡೆ, ಅಷ್ಟೇ ಅದರ ಜಗತ್ತು. ಹುಲ್ಲೂ ಹೂ ಬಿಡುತ್ತೆ, ನಮ್ಮ ಕಣ್ಣಿಗೆ ಬೀಳಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಜೋಗಕ್ಕೆ ಬರುವ ನೀರು ಕಡಿಮೆಯಾಯ್ತು, ತುಂತುರೂ ಕಡಿಮೆಯಾಯ್ತು. ಆಮೇಲೆ ಹುಡುಕಿದವರಿಗೆ ಹುಲ್ಲು ಸಿಗಲಿಲ್ಲ. ಅಳಿದೇ ಹೋಯ್ತು ಅಂದುಕೊಂಡರು.

ಇದರಲ್ಲಿ ಅಪ್ಪನ ತಪ್ಪೇನು? ಏನೂ ಇಲ್ಲ. ಹುಲ್ಲಿನ ಹೆಸರೂ ಅವರು ಕೇಳಿರಲಿಲ್ಲ. ಆದರೆ ತಪ್ಪಿಲ್ಲ ಅಂದಮಾತ್ರಕ್ಕೆ ಋಣವೂ ಇಲ್ಲ ಅನ್ನಬಹುದಾ? ಅಜ್ಜ ಮಾಡಿದ ಸಾಲ ಮೊಮ್ಮಗನ ತಪ್ಪಲ್ಲ. ಹಾಗಂತ, ಆ ದುಡ್ಡಲ್ಲಿ ಕಟ್ಟಿದ ಮನೆಯಲ್ಲೇ ಇದ್ದುಕೊಂಡು, ಸಾಲ ಕೊಟ್ಟವರು ಬಂದಾಗ ಬಾಗಿಲು ಹಾಕೋದು ಸರಿಯಲ್ಲ.

ಈ ಶತಮಾನದ ಶುರುವಿನಲ್ಲಿ ಅದೇ ಹುಲ್ಲು ಮಹಾರಾಷ್ಟ್ರದ ತಿಲಾರಿ ಘಟ್ಟದಲ್ಲಿ ಸಿಕ್ಕಿತು. ‘ಸದ್ಯ, ಉಳೀತಲ್ಲ’ ಅಂತ ಸಮಾಧಾನವಾಯ್ತು. ಆದರೆ ಅದು ನಾವು ಉಳಿಸಿದ್ದಲ್ಲ, ತಾನೇ ಉಳಿದದ್ದು.

ಅದಕ್ಕೇ ಫ್ಯಾನು ಆರಿಸಿ ಕೂರಲಾ? ಅದರಿಂದ ಹುಲ್ಲಿಗೇನೂ ಸಿಗಲ್ಲ. ಆವತ್ತು ಗೊತ್ತಿರಲಿಲ್ಲ, ಈಗ ಗೊತ್ತು. ಇನ್ನೊಂದು ಹೊಳೆ ತಿರುಗಿಸೋ ಮೊದಲು, ಇನ್ನೊಂದು ಬಂಡೆ ಒಡೆಯೋ ಮೊದಲು, ಅಲ್ಲಿ ಏನು ಬದುಕಿದೆ ಅಂತ ಕೇಳಬೇಕು. ಅಪ್ಪನದು ಬರೀ ಋಣ. ನಾನು ಕೇಳದೆ ಸುಮ್ಮನಿದ್ದರೆ, ನನ್ನದು ತಪ್ಪೇ.