ಎಣ್ಣೆ ಕಾಣದ ಹಂಚು, ಎಣ್ಣೆ ಕುಡಿದ ಹಂಚು

ಕೊಪ್ಪಳಕ್ಕೆ ಅಂಟಿಕೊಂಡೇ ಇರುವ ಭಾಗ್ಯನಗರದಲ್ಲಿ ಹಳೆಯ ಅಡುಗೆಮನೆಗಳು ಇನ್ನೂ ಉಳಿದಿವೆ. ಅಲ್ಲಿ ಒಲೆಯ ಬದಿಗೆ ಕಡಿಮೆಯೆಂದರೂ ಎರಡು ಹಂಚು ಗೋಡೆಗೆ ಒರಗಿರುತ್ತವೆ. ಒಂದು ರೊಟ್ಟಿಯದು, ಇನ್ನೊಂದು ಪಡ್ಡಿನದು. ಎರಡೂ ಕರ್ರಗೆ, ಎರಡಕ್ಕೂ ಸಮ ವಯಸ್ಸಾದಂತೆ ಕಾಣುತ್ತವೆ. ಆದರೆ ರೊಟ್ಟಿ ಹಂಚಿನ ಮೇಲೆ ಕೈತಪ್ಪಿ ಒಂದು ಚಮಚ ಎಣ್ಣೆ ಬಿದ್ದರೆ ಮನೆಯ ಹಿರಿಯಳು ಸುಮ್ಮನಿರುವುದಿಲ್ಲ. ಪಡ್ಡಿನ ಹಂಚನ್ನು ಯಾರಾದರೂ ಸೋಪಿನ ನೀರಲ್ಲಿ ನೆನೆಹಾಕಿದರೆ ಅದಕ್ಕೂ ಸುಮ್ಮನಿರುವುದಿಲ್ಲ.

ಈ ಎರಡು ಸಿಟ್ಟುಗಳ ಹಿಂದಿನ ಲೆಕ್ಕಾಚಾರ ಈಗ ಮತ್ತೆ ಬೇಕಾಗಿದೆ. ಓವನ್ ಇರುವ ಮನೆಗಳಿಗೆ ಸ್ಟೋನ್‌ವೇರ್ ತಟ್ಟೆಗಳು, ಪಿಜ್ಜಾ ಕಲ್ಲುಗಳು ಬಂದಿವೆ. ಜೊತೆಗೆ ಬರುವ ಚೀಟಿಯಲ್ಲಿ ಬರೆದಿರುತ್ತದೆ: ಹೊಳಪಿಲ್ಲದ ಮೈಗೆ ಸೋಪು ಹಾಕಬೇಡಿ, ಬಿಸಿ ಇರುವಾಗ ತಣ್ಣೀರು ಸುರಿಯಬೇಡಿ, ಬಳಸುತ್ತ ಹೋದಂತೆ ಕಪ್ಪಾಗುತ್ತದೆ, ಹೆದರಬೇಡಿ. ಸಾವಿರಾರು ರೂಪಾಯಿ ಕೊಟ್ಟು ತಂದ ಬಿಳಿ ತಟ್ಟೆ ಕಪ್ಪಾಗುವುದನ್ನು ನೋಡಿ ಹೆದರದಿರುವುದು ಹೇಗೆ? ಹೀಗಾಗಿ ಸ್ಟೀಲಿನ ಜುಂಗು ಹಿಡಿದು ತಿಕ್ಕುತ್ತಾರೆ, ಮರುವಾರ ಅದಕ್ಕೆ ಬ್ರೆಡ್ಡು ಅಂಟುತ್ತದೆ, ವಸ್ತುವೇ ಕಳಪೆ ಎಂದು ತೀರ್ಪು ಕೊಡುತ್ತಾರೆ. ಚೀಟಿ ಇಂಗ್ಲಿಷಿನಲ್ಲಿದೆ ಎಂಬುದು ಬಿಟ್ಟರೆ ಅದರಲ್ಲಿ ನಮ್ಮ ಸಂತೆಯ ಕುಂಬಾರಗಿತ್ತಿಗೆ ಗೊತ್ತಿಲ್ಲದ ಮಾತು ಒಂದೂ ಇಲ್ಲ. ಅವಳು ಹಂಚು ಕೈಗಿಡುವಾಗ ಎರಡೇ ಮಾತಲ್ಲಿ ಮುಗಿಸುತ್ತಾಳೆ: “ಅಕ್ಕಾರ, ಸಾವಕಾಶ ಕಾಯಿಸ್ರಿ. ಕಾದ ಮ್ಯಾಲೆ ತಣ್ಣೀರು ಸುರೀಬ್ಯಾಡ್ರಿ.”

ಮೊದಲು ರೊಟ್ಟಿ ಹಂಚಿನ ಸಂಗತಿ. ಜೋಳದ ಹಿಟ್ಟಿಗೆ ಗೋದಿಯ ಜಿಗಿ ಇಲ್ಲ. ಕುದಿಯುವ ಎಸರು ಹಾಕಿ ನಾದಿದಾಗ ಹಿಟ್ಟಿನ ಪಿಷ್ಟ ಅರ್ಧ ಬೆಂದು ಅಂಟಾಗುತ್ತದೆ. ಆ ಅಂಟಿನ ಬಲದಲ್ಲೇ ರೊಟ್ಟಿ ಬಡಿಸಿಕೊಳ್ಳುತ್ತದೆ. ಬಡಿದ ರೊಟ್ಟಿ ಹಂಚಿಗೆ ಬಿದ್ದ ಕೂಡಲೇ ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರುತ್ತಾರೆ. ಒಣಹಿಟ್ಟು ನೀರು ಕುಡಿಯುತ್ತದೆ, ಬಿರಿಯುವುದು ನಿಲ್ಲುತ್ತದೆ, ತಿರುವಿ ಹಾಕಿ ಕೆಂಡಕ್ಕೆ ಹಿಡಿದರೆ ಉಬ್ಬುತ್ತದೆ. ಈ ಇಡೀ ಆಟದಲ್ಲಿ ಎಣ್ಣೆಗೆ ಜಾಗವೇ ಇಲ್ಲ. ರೊಟ್ಟಿ ಅಂಟದಂತೆ ನೋಡಿಕೊಳ್ಳುವುದು ಹಂಚಿನ ಕಾವು ಮತ್ತು ರೊಟ್ಟಿಯ ತಳಕ್ಕೆ ಹತ್ತಿದ ಒಣಹಿಟ್ಟು. ಎಣ್ಣೆ ತಾಗಿದ ಜಾಗದಲ್ಲಿ ಆ ಹಿಟ್ಟು ಮುದ್ದೆಗಟ್ಟಿ ಸೀಯುತ್ತದೆ, ರೊಟ್ಟಿಯ ಮೇಲೆ ಕಪ್ಪು ಮಚ್ಚೆ ಏಳುತ್ತದೆ.

ಇನ್ನೂ ದೊಡ್ಡ ಕಾರಣ ಬೇರೆ ಇದೆ. ನಮ್ಮ ಕಡೆ ರೊಟ್ಟಿ ಅಂದಂದಿಗೆ ತಿನ್ನುವ ಪದಾರ್ಥ ಅಷ್ಟೇ ಅಲ್ಲ, ಕೂಡಿಡುವ ಪದಾರ್ಥವೂ ಹೌದು. ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲ ಹಳ್ಳಿಗಳಿಂದ ಖಡಕ್ ರೊಟ್ಟಿ ಲಕ್ಷಗಟ್ಟಲೆ ಬರುತ್ತದೆ. ಜಾತ್ರೆಗೆ ಎಷ್ಟೋ ದಿನ ಮೊದಲೇ ಓಣಿಯ ಹೆಂಗಸರು ಒಟ್ಟಿಗೆ ಕೂತು ಬಡಿದು, ಸುಟ್ಟು, ಒಣಗಿಸಿಟ್ಟ ರೊಟ್ಟಿಗಳವು. ನೀರಿನಂಶ ಹೋದ ರೊಟ್ಟಿಗೆ ಬೂಸ್ಟು ಹಿಡಿಯುವುದಿಲ್ಲ. ಆದರೆ ಎಣ್ಣೆ ಹತ್ತಿದ್ದರೆ ಒಣಗಿಸಿದರೂ ಕಮಟು ವಾಸನೆ ಬರುತ್ತದೆ, ಏಕೆಂದರೆ ಎಣ್ಣೆ ಕೆಡುವುದಕ್ಕೆ ನೀರು ಬೇಕಿಲ್ಲ, ಗಾಳಿ ಸಾಕು. ಸಾವಿರ ರೊಟ್ಟಿಯ ಗಂಟಿನಲ್ಲಿ ಹತ್ತು ಕಮಟಿದರೆ ಗಂಟೆಲ್ಲ ಅದೇ ವಾಸನೆ. ಹಿರಿಯಳ ಸಿಟ್ಟಿಗೆ ಇದಕ್ಕಿಂತ ಸಾಕ್ಷಿ ಬೇಕೆ?

ಹಾಗಾದರೆ ಆ ಹಂಚನ್ನು ಶುಚಿ ಮಾಡುವುದು ಹೇಗೆ? ನೀರು, ಸೋಪು ಎರಡೂ ಇಲ್ಲದೆ. ಒಂದು ರೊಟ್ಟಿ ತೆಗೆದು ಇನ್ನೊಂದು ಹಾಕುವ ನಡುವೆ ಸೀದ ಹಿಟ್ಟನ್ನು ಒಣ ಅರಿವೆಯಿಂದ ಝಾಡಿಸಬೇಕು. ಕೊನೆಯ ರೊಟ್ಟಿ ಇಳಿಸಿದ ಮೇಲೆ ಹಂಚನ್ನು ಒಲೆಯ ಮೇಲೇ ಆರಲು ಬಿಡಬೇಕು. ಅಷ್ಟೇ. ಮುಸುರಿ ಪಾತ್ರೆಗಳ ಗುಂಪಿಗೆ ಅದನ್ನು ಸೇರಿಸದೆ ಇರುವುದನ್ನು ಕೆಲವರು ಮಡಿಯ ಲೆಕ್ಕಕ್ಕೆ ಹಾಕುತ್ತಾರೆ. ನನಗೆ ಅದರಲ್ಲಿ ಮಡಿಗಿಂತ ಮಣ್ಣಿನ ಗುಣವೇ ಹೆಚ್ಚು ಕಾಣುತ್ತದೆ. ಊರ ಕುಂಬಾರರ ಆವಿಗೆಯಲ್ಲಿ ಮಣ್ಣು ಬೇಯುವುದು ಸಾಮಾನ್ಯವಾಗಿ 900 ಡಿಗ್ರಿ ಸೆಲ್ಸಿಯಸ್‌ನೊಳಗೆ. ಆ ಕಾವಿಗೆ ಮಣ್ಣು ಗಟ್ಟಿಯಾಗುತ್ತದೆ, ಆದರೆ ಕಣಕಣದ ನಡುವಿನ ಸಂದು ಮುಚ್ಚುವುದಿಲ್ಲ. ಅದೇ ಸಂದಿನಿಂದ ಗಡಿಗೆಯ ನೀರು ತಣ್ಣಗಾಗುತ್ತದೆ, ಅದೇ ಸಂದಿಗೆ ಹಂಚು ತೊಳೆದ ಸೋಪೂ ಇಳಿಯುತ್ತದೆ. ಇಳಿದದ್ದು ಮರುದಿನ ಕಾವಿಗೆ ಮೇಲೆ ಬಂದು ರೊಟ್ಟಿಗೆ ಹತ್ತುತ್ತದೆ.

ನಮ್ಮೆಲ್ಲರ ಮನೆಯ ಉಪ್ಪಿನಕಾಯಿ ಭರಣಿಯನ್ನು ಇದರ ಪಕ್ಕ ಇಟ್ಟು ನೋಡಿ. ಮೇಲರ್ಧ ಕಂದು, ಕೆಳಗರ್ಧ ಮಾಸಲು ಬಿಳಿ ಬಣ್ಣದ ಆ ಭರಣಿಯೇ ನಾವು ಬಲ್ಲ ಸ್ಟೋನ್‌ವೇರ್. ಸುಮಾರು 1200 ಡಿಗ್ರಿಯಲ್ಲಿ ಸುಟ್ಟಾಗ ಮಣ್ಣಿನೊಳಗಿನ ಕೆಲವು ಖನಿಜ ಕರಗಿ ಗಾಜಿನಂತಾಗಿ ಸಂದುಗಳನ್ನು ತುಂಬುತ್ತವೆ. ಅದಕ್ಕೇ ಉಪ್ಪು, ಹುಳಿ, ಎಣ್ಣೆ ವರ್ಷಗಟ್ಟಲೆ ಒಳಗಿದ್ದರೂ ಹೊರಗೆ ಒಸರುವುದಿಲ್ಲ. ಬೇಕಿಂಗ್ ತಟ್ಟೆಯೂ ಇದೇ ಕುಲದ್ದು. ಹೊಳಪು ಲೇಪವಿರುವ ತಟ್ಟೆಯನ್ನು ಧಾರಾಳವಾಗಿ ಸೋಪಿನಲ್ಲಿ ತೊಳೆಯಬಹುದು, ಎಣ್ಣೆ ಹಚ್ಚಿ ಪಳಗಿಸುವ ಅಗತ್ಯವೇ ಇಲ್ಲ, ಲೇಪದ ಮೇಲೆ ಎಣ್ಣೆ ಹಿಡಿಯುವುದೂ ಇಲ್ಲ. ಒಳಮೈಗೆ ಲೇಪ ಇಲ್ಲದ ತಟ್ಟೆಯ ಮಾತು ಬೇರೆ: ಅದರ ಒರಟು ಮೇಲ್ಮೈ ಒಂದಿಷ್ಟು ಹಿಟ್ಟು, ಒಂದಿಷ್ಟು ಜಿಡ್ಡು ಹಿಡಿದುಕೊಳ್ಳುತ್ತದೆ. ಬೆಚ್ಚಗಿನ ನೀರು, ಮರದ ಚಪ್ಪಟೆ ಸವಟು, ತೀರ ಹತ್ತಿದ್ದರೆ ಅಡುಗೆ ಸೋಡಾದ ಗಟ್ಟಿ ಲೇಪ, ಇಷ್ಟರಲ್ಲಿ ಅದನ್ನು ಒಪ್ಪ ಮಾಡಬೇಕು. ಮುಂಗೈ ಹೊರಳಿಸಿ ಸವರಿದಾಗ ಗಡಸಾಗಿ ಸಿಗುವುದನ್ನು ತೆಗೆಯಿರಿ, ನುಣುಪಾಗಿ ಕಪ್ಪಾದದ್ದನ್ನು ಬಿಡಿ. ಕೊಳ್ಳುವಾಗಲೇ ಯಾವ ಬಗೆಯದ್ದು ಎಂದು ಕೇಳಿದರೆ ಅರ್ಧ ತಲೆನೋವು ಅಂಗಡಿಯಲ್ಲೇ ಕಳೆಯುತ್ತದೆ.

ಇನ್ನು ಎಣ್ಣೆ ಕುಡಿಯುವ ಹಂಚು. ಪಡ್ಡಿನ ಹಂಚು ಈಗ ಹೆಚ್ಚಾಗಿ ಬೀಡಿನದು; ಬಳಪದ ಕಲ್ಲಿನದೂ ಸಿಗುತ್ತದೆ. ಬಳಪದ ಕಲ್ಲು ಎಂದರೆ ನಮ್ಮ ಜಿಲ್ಲೆಯವರಿಗೆ ದೂರದ ವಸ್ತುವೇನಲ್ಲ. ಕುಕನೂರಿನ ಹತ್ತಿರದ ಇಟಗಿಯಲ್ಲಿ 6ನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ಶಾಸನ ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿದ ಗುಡಿ ಇದೇ ಜಾತಿಯ ಮೆದು ಕಲ್ಲಿನದು. ಉಗುರಿನಲ್ಲಿ ಗೀರು ಬೀಳುವಷ್ಟು ಮೆತ್ತಗಿನ ಖನಿಜ ಅದರಲ್ಲಿರುವುದರಿಂದಲೇ ಶಿಲ್ಪಿ ಅದರಲ್ಲಿ ಕಂಬಕ್ಕೆ ಬಳೆಯಂಥ ಅಂಚು ತಿರುವಿದ, ಕಲ್ಲುಕುಟಿಗ ಪಡ್ಡಿನ ಗುಳಿ ತೋಡಿದ. ಬೆಂಕಿಗೆ ಅದು ಹೆದರುವುದಿಲ್ಲ. ಒಂದೇ ತೂಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಶಾಖವನ್ನು ಅದು ಹಿಡಿದಿಡುತ್ತದೆ. ಹೀಗಾಗಿ ಕಾಯುವುದಕ್ಕೆ ಹೊತ್ತು ಹೆಚ್ಚು, ಆರುವುದಕ್ಕೆ ಇನ್ನೂ ಹೆಚ್ಚು. ಒಲೆ ಆರಿಸಿದ ಮೇಲೂ ಕೊನೆಯ ಸುತ್ತಿನ ಪಡ್ಡು ಕೆಂಪಗಾಗುತ್ತಲೇ ಇರುತ್ತದೆ, ಸ್ವಲ್ಪ ಮೊದಲೇ ತೆಗೆಯುವುದು ಕ್ಷೇಮ.

ಹೊಸ ಕಲ್ಲನ್ನು, ಹೊಸ ಮಣ್ಣಿನ ಗಡಿಗೆಯನ್ನು ಪಳಗಿಸುವ ಕ್ರಮದಲ್ಲಿ ಗಂಜಿಗೆ ಮೊದಲ ಸ್ಥಾನ. ಅನ್ನದ ಗಂಜಿ ಅಥವಾ ಅಕ್ಕಿ ತೊಳೆದ ನೀರು ತುಂಬಿಸಿ, ದಿನವೂ ಬದಲಿಸುತ್ತ ಕೆಲವು ದಿನ ಇಡುತ್ತಾರೆ. ಭಾಗ್ಯನಗರದ ನೇಕಾರರಿಗೆ ಇದನ್ನು ವಿವರಿಸಬೇಕಿಲ್ಲ. ಮಗ್ಗಕ್ಕೇರಿಸುವ ಮುನ್ನ ಹಾಸಿನ ನೂಲಿಗೆ ಗಂಜಿ ಹಿಡಿಸುವುದು ಯಾತಕ್ಕೋ ಇಲ್ಲಿ ಗಂಜಿ ಕುಡಿಸುವುದೂ ಅದಕ್ಕೇ: ಎದ್ದ ಜುಂಗು ಕೂರುತ್ತದೆ, ಸಂದು ತುಂಬುತ್ತದೆ, ಮುಂದೆ ಉಜ್ಜಾಟ ತಡೆಯುವ ಶಕ್ತಿ ಬರುತ್ತದೆ. ಗಂಜಿಯ ನಂತರ ಔಡಲೆಣ್ಣೆ, ಅರಿಸಿನ ಸವರಿ ಬಿಸಿಲಿಗಿಡುವುದು. ಕೊನೆಗೆ ಸಣ್ಣ ಉರಿಯ ಮೇಲೆ ಕಾಯಿಸಿ, ಒಲೆಯ ಮೇಲೇ ಆರಿಸುವುದು. ಅವಸರ ಮಾಡಿದರೆ ಒಳಗೆ ಉಳಿದ ನೀರು ಆವಿಯಾಗಿ ಕಲ್ಲನ್ನು ಸೀಳುತ್ತದೆ. ಗ್ಯಾಸಿನ ಉರಿ ನಡುವಲ್ಲೇ ಚುಚ್ಚುವಂತೆ ಬೀಳುವುದರಿಂದ ಕಟ್ಟಿಗೆಯ ಒಲೆಗಿಂತ ಇಲ್ಲಿ ಹೆಚ್ಚು ಎಚ್ಚರ ಬೇಕು. ಕುಂಬಾರರು ಹಂಚಿನ ಮಣ್ಣಿಗೆ ಉಸುಕು, ಬೂದಿ ಬೆರೆಸುವುದು ಈ ಸೀಳಿನ ಭಯಕ್ಕೇ. ಕಣಗಳ ನಡುವೆ ಹುಟ್ಟಿದ ಸಣ್ಣ ಬಿರುಕು ಉಸುಕಿನ ಹರಳಿಗೆ ತಾಗಿ ಅಲ್ಲೇ ನಿಲ್ಲುತ್ತದೆ.

ಯಾವ ಎಣ್ಣೆ ಎಂಬುದರಲ್ಲಿ ಈಚೆಗೆ ಗೊಂದಲ ಹೆಚ್ಚಿದೆ. ಎಣ್ಣೆ ತೆಳುವಾಗಿ ಕಾದಾಗ ಗಾಳಿಯ ಆಮ್ಲಜನಕ ಹೀರಿ, ಅದರ ಅಣುಗಳು ಒಂದಕ್ಕೊಂದು ಕೈ ಹಿಡಿದು, ಗಟ್ಟಿ ಪದರವಾಗುತ್ತವೆ. ಬೀಡಿನ ಹಂಚಿನ ಕಪ್ಪು ಹೊಳಪು ಇದೇ. ಹೀಗೆ ಕೈ ಹಿಡಿಯುವ ಗುಣ ಎಲ್ಲ ಎಣ್ಣೆಗೂ ಸಮನಾಗಿಲ್ಲ. ಅಗಸಿ ಎಣ್ಣೆಗೆ ಅತಿ ಹೆಚ್ಚು, ಬಣ್ಣ ಬಳಿಯುವವರು ಅದನ್ನು ಬಳಸಿದ್ದು ಅದಕ್ಕೇ. ಆದರೆ ದಪ್ಪ ಹಚ್ಚಿದರೆ ಆ ಪದರ ಹಕ್ಕಳೆಯೆದ್ದು ಉದುರುತ್ತದೆ. ಶೇಂಗಾ ಎಣ್ಣೆಗೆ ಕಡಿಮೆ. ನಡುವೆ ನಿಲ್ಲುವುದು ಕುಸುಬಿ. ಗಾಣದ ಕುಸುಬಿ ಎಣ್ಣೆ ಈ ಸೀಮೆಯ ಮನೆಮನೆಯ ಎಣ್ಣೆಯಾಗಿದ್ದ ಕಾಲದಲ್ಲಿ ಪಡ್ಡಿನ ಹಂಚು ತಾನಾಗಿಯೇ ಪಳಗುತ್ತಿತ್ತು. ಈಗ ಪಾಕೀಟಿನ ಪಾಮ್ ಎಣ್ಣೆ ಸುರಿದು, ಹಂಚು ಪಳಗುತ್ತಿಲ್ಲ ಎಂದು ಗೊಣಗುತ್ತೇವೆ. ಔಡಲೆಣ್ಣೆ ಗಟ್ಟಿಯಾಗುವುದಿಲ್ಲ, ಬೇಗ ಕಮಟುವುದೂ ಇಲ್ಲ. ಬಹಳ ದಿನ ಬಳಸದೆ ಎತ್ತಿಡುವ ಹಂಚಿಗೆ ಅದು ಸರಿ.

ಎಲ್ಲಕ್ಕಿಂತ ಮುಖ್ಯ ಎಣ್ಣೆಯ ಅಳತೆ. ಅರ್ಧ ಉಳ್ಳಾಗಡ್ಡಿಯನ್ನೋ ಬದನೆಕಾಯಿಯ ತೊಟ್ಟನ್ನೋ ಎಣ್ಣೆಗೆ ಅದ್ದಿ ಹಂಚಿಗೆ ಉಜ್ಜುವ ರೂಢಿ ಯಾರು ಕಂಡುಹಿಡಿದರೋ, ಅವರಿಗೆ ದೊಡ್ಡ ನಮಸ್ಕಾರ. ಅದಕ್ಕಿಂತ ತೆಳುವಾಗಿ ಎಣ್ಣೆ ಹಚ್ಚುವ ಉಪಕರಣ ನಾನು ಕಂಡಿಲ್ಲ. ಹೆಚ್ಚಾದ ಎಣ್ಣೆ ಗಟ್ಟಿಯೂ ಆಗದೆ ದ್ರವವಾಗಿಯೂ ಉಳಿಯದೆ ಅಂಟು ಅಂಟಾಗಿ ಕೂರುತ್ತದೆ, ಧೂಳು ಹಿಡಿಯುತ್ತದೆ, ನಾರುತ್ತದೆ. “ನಮ್ಮ ಹಂಚು ಮೂವತ್ತು ವರ್ಷದಿಂದ ತೊಳೆದಿಲ್ಲ” ಎಂದು ಹೆಮ್ಮೆಯಿಂದ ಹೇಳುವವರ ಹಂಚಿನಲ್ಲಿ ಅರ್ಧದಷ್ಟು ಇಂಥ ಅಂಟೇ ಇರುತ್ತದೆ ಎಂದು ನನ್ನ ಗುಮಾನಿ. ಬೆರಳಿಗೆ ಹತ್ತುವ ಕರಿ ಕೊಳೆ, ಅದನ್ನು ತೆಗೆಯಲೇಬೇಕು. ತೊಳೆಯದಿರುವುದರಲ್ಲಿ ಹಿರಿಮೆ ಏನೂ ಇಲ್ಲ.

ತೆಗೆಯುವುದಕ್ಕೆ ಒಲೆಯ ಬೂದಿ ಇತ್ತು. ಕಟ್ಟಿಗೆಯ ಬೂದಿಯಲ್ಲಿ ಕ್ಷಾರ ಇರುತ್ತದೆ, ಜಿಡ್ಡಿನೊಡನೆ ಸೇರಿ ಅಲ್ಲೇ ಒಂದಿಷ್ಟು ಸೋಪಾಗುತ್ತದೆ, ಉಳಿದ ಪುಡಿ ಉಜ್ಜುವ ಕೆಲಸ ಮಾಡುತ್ತದೆ. ಮುಸುರಿ ತಿಕ್ಕಲು ಅದು ಚೆನ್ನ. ಪಳಗಿದ ಹಂಚಿಗೆ ಮಾತ್ರ ಹಿತಮಿತ, ಏಕೆಂದರೆ ಕ್ಷಾರಕ್ಕೆ ಒಳ್ಳೆಯ ಪದರ ಯಾವುದು, ಕೆಟ್ಟ ಅಂಟು ಯಾವುದು ಗೊತ್ತಾಗುವುದಿಲ್ಲ. ಬೂದಿ ಇಲ್ಲದ ಮನೆಗಳಲ್ಲಿ ದಪ್ಪ ಹರಳುಪ್ಪು, ಕಡಲೆ ಹಿಟ್ಟು ಸಾಕು: ಒಂದು ಕೆರೆಯುತ್ತದೆ, ಇನ್ನೊಂದು ಜಿಡ್ಡು ಕುಡಿಯುತ್ತದೆ. ಪಳಗಿದ ಬೀಡಿಗೆ ಎಂದೋ ಒಮ್ಮೆ ಒಂದು ಹನಿ ಸೋಪು ತಾಗಿದರೆ ಪ್ರಳಯವೇನೂ ಆಗುವುದಿಲ್ಲ, ಗಟ್ಟಿಯಾದ ಪದರ ಸೋಪಿಗೆ ಕರಗುವಂಥದಲ್ಲ. ನೆನೆಹಾಕಿ ಬಿಟ್ಟರೆ ಮಾತ್ರ ತುಕ್ಕು. ಸುಟ್ಟ ಮಣ್ಣಿಗೆ ಈ ರಿಯಾಯಿತಿ ಇಲ್ಲ.

ಖಾನಾಪುರದಲ್ಲಿ ಖಾದಿ ಆಯೋಗದ ಕುಂಬಾರಿಕೆ ಸಂಸ್ಥೆ ಇದೆ, ಅಲ್ಲಿನ ಕೆಮ್ಮಣ್ಣಿನ ಸಾಮಾನಿಗೆ ಹೆಸರೂ ಇದೆ. ಅಲ್ಲಿಂದ ಬಂದ ಹಂಚಾಗಲಿ, ಊರ ಸಂತೆಯ ಹಂಚಾಗಲಿ, ಕೊಳ್ಳುವಾಗ ಬೆರಳಿನಿಂದ ಬಡಿದು ನೋಡುವುದು ಎಲ್ಲರೂ ಮಾಡುವ ಪರೀಕ್ಷೆ. ಕಣ್ ಎಂದರೆ ತಗೊಳ್ಳಿ, ಮೊಂಡು ಸದ್ದು ಬಂದರೆ ಒಳಗೆ ಬಿರುಕಿದೆ. ಫಳಫಳ ಹೊಳೆಯುವ ಅಗ್ಗದ ಲೇಪದ ಪಾತ್ರೆಯಾದರೆ ಲೇಪದಲ್ಲಿ ಸೀಸ ಇರಬಹುದು, ಹುಳಿ ಪದಾರ್ಥಕ್ಕೆ ಅದು ಬೇಡವೇ ಬೇಡ. ಇಂಡಕ್ಷನ್ ಒಲೆಯವರು ಮಣ್ಣು, ಕಲ್ಲು ಎರಡನ್ನೂ ಮರೆಯಬೇಕಾಗುತ್ತದೆ. ಆ ಒಲೆಗೆ ಕಬ್ಬಿಣದ ಅಂಶವಿಲ್ಲದ ಪಾತ್ರೆ ಇಟ್ಟದ್ದೇ ತಿಳಿಯುವುದಿಲ್ಲ. ಬೆಂಗಳೂರಿನ ಬಾಡಿಗೆ ಮನೆಗೆ ಮಗಳ ಕೂಡ ಹಂಚು ಕಟ್ಟಿ ಕಳಿಸುವ ಮೊದಲು ಅಲ್ಲಿ ಯಾವ ಒಲೆ ಇದೆ ಎಂದು ಒಂದು ಫೋನು ಮಾಡಿ. ಬೀಡಿನದಾದರೆ ಎಲ್ಲಿಯಾದರೂ ನಡೆಯುತ್ತದೆ, ತಳ ಮಟ್ಟಸ ಇರಬೇಕಷ್ಟೆ.